ಹೆಂಚಿನ ಮ್ಯಾಲಿನ ಇಸವಿ, ಅಕ್ಕವ್ವನ ಖೋಲಿ

ನಮ್ಮ ಮನಿ ಎಷ್ಟು ವರ್ಷದ್ದು ಅಂತ ಯಾರರ ಕೇಳಿದ್ರ ನಮ್ಮ ಮಾವನವರು ಬಾಯಿಲೆ ಹೇಳ್ತಿರಲಿಲ್ಲ. ಎದ್ದು ಹೋಗಿ ಅಟ್ಟದ ಮ್ಯಾಲಿಂದ ಒಂದು ಹೆಂಚು ತಂದು ಮುಂದ ಇಡ್ತಿದ್ರು. ಹೆಂಚಿನ ಮ್ಯಾಲ ಇಂಗ್ಲಿಷ್ ಅಕ್ಷರದಾಗ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಅಂತ ಅಚ್ಚು ಐತಿ. ಬಂದ ಬೀಗರು ಅದನ್ನ ಓದಿ "ಅಬಾಬಾ, ನೂರಾ ಐವತ್ತು ವರ್ಷದ ಮನಿ!" ಅಂತ ಅಂದು ಚಾ ಕುಡದು ಹೋಗ್ತಿದ್ರು. ಮಾವನವರ ಮುಖದ ಮ್ಯಾಲಿನ ಖುಷಿ ಕೆಡಸಾಕ ಯಾರೂ ಹೋಗ್ತಿರಲಿಲ್ಲ. ಖರೇ ಹೇಳಬೇಕಂದ್ರ ಆ ಇಸವಿ ಮನೀದೂ ಅಲ್ಲ, ಹೆಂಚಿಂದೂ ಅಲ್ಲ. ಮಂಗಳೂರಿನ ಜೆಪ್ಪುದಾಗ, ನೇತ್ರಾವತಿ ಹೊಳಿ ದಂಡಿಗೆ ಬಾಸೆಲ್ ಮಿಷನ್ನವರು ಹೆಂಚಿನ ಕಾರಖಾನಿ ತಗದ ವರ್ಷ ಅದು. ಮುಂದ ಮಾಡಿದ ಹೆಂಚಿನ ಮ್ಯಾಲೂ ಅದ ಇಸವಿ ಒತ್ತತಿದ್ರು, ಈಗ ಅಂಗಡಿ ಬೋರ್ಡಿನ ಮ್ಯಾಲ 'ಸ್ಥಾಪನೆ ಇಂಥಾ ವರ್ಷ' ಅಂತ ಬರಸ್ತಾರಲ್ಲ, ಹಂಗ.

ಹಂಗಾದ್ರ ಮನಿ ಎಷ್ಟು ಹಳೇದು? ಹ್ವಾದ ದೀಪಾವಳಿ ಆದ ಮ್ಯಾಲ ಮನಿ ಬಿಚ್ಚಾಕ ಶುರು ಮಾಡಿದಾಗ ಇದಕ್ಕ ಒಂದ ಉತ್ತರ ಇಲ್ಲ ಅಂತ ಗೊತ್ತಾತು. ಪಡಸಾಲಿಗೆ ಒಂದು ವಯಸ್ಸು, ಅಡಗಿಮನಿಗೆ ಇನ್ನೊಂದು, ನೆಲದ ಫರಸಿಗೆ ಮತ್ತೊಂದು. ಹಿತ್ತಲದಾಗಿನ ಖೋಲೀದಂತೂ ವಯಸ್ಸು ಲೆಕ್ಕ ಹಾಕೂದ ಕಷ್ಟ, ಯಾಕಂದ್ರ ಅದು 1979ರಾಗ ಹುಟ್ಟಾಕ ಶುರುವಾಗಿ ಈಗ ಹುಟ್ಟೇತಿ. ನಿಮಗ ಆ ಖೋಲಿ ಹೊಸಾದಲ್ಲ. ತಲಿ ಮ್ಯಾಲ ಏನೂ ಇಲ್ಲದ, ನಾಲ್ಕು ಗ್ವಾಡಿ ಅಷ್ಟ ನಿಂತ, ಕುಳ್ಳು ಕಟಗಿ ತುಂಬಿದ ಜಾಗಾ. ನಿಮ್ಮೊಳಗ ಎಷ್ಟೋ ಮಂದಿ ಸಣ್ಣಾವರಿದ್ದಾಗ ಅಲ್ಲಿ ಕಣ್ಣಮುಚ್ಚಾಲಿ ಆಡೀರಿ, ಚೇಳು ಕಂಡು ಒದರಿಕೋತ ಓಡಿಬಂದೀರಿ.

ಮೊದಲ ಪಡಸಾಲಿ ಹೇಳ್ತೀನಿ. ನಮ್ಮ ಹುಬ್ಬಳ್ಳಿ ಕಡಿ ಯರಿ ನೆಲದ ಊರಾಗ ಹಳೇ ಮನಿ ಅಂದ್ರ ಮಣ್ಣಿನ ಮಾಳಿಗಿ. ಎರಡಡಿಗಿಂತ ದಪ್ಪ ಗ್ವಾಡಿ, ನಡು ಕಂಬ, ಕಂಬದ ಮ್ಯಾಲ ಬೋದಿಗಿ, ಅದರ ಮ್ಯಾಲ ತೊಲಿ, ತೊಲಿ ಮ್ಯಾಲ ಸಾಲಾಗಿ ಜಂತಿ. ಜಂತಿ ಮ್ಯಾಲ ಸಣ್ಣ ಕಟಗಿ ಒತ್ತೊತ್ತಾಗಿ ಜೋಡಿಸಿ, ಬೇವಿನ ತಪ್ಪಲ ಹಾಸಿ, ಮ್ಯಾಲ ಮಣ್ಣು. ಬೇವಿನ ತಪ್ಪಲ ಹುಳಾ ಹಿಡೀಬಾರದು ಅಂತ. ಕಡೀಕ ಸವಳು ಮಣ್ಣು, ಯಾಕಂದ್ರ ಯರಿ ಮಣ್ಣು ಬಿಸಲಿಗೆ ಬಿರೀತೈತಿ, ಸವಳು ಹಂಗ ಬಿರಿಯೂದಿಲ್ಲ. ಇಷ್ಟು ಗಂಡಸರು ಹೇಳೂ ಇತಿಹಾಸ. ಅವರು ಹೇಳದ್ದು ಏನಂದ್ರ, ಈ ಮಾಳಿಗಿ ಒಮ್ಮೆ ಹಾಕಿ ಬಿಟ್ಟರ ನಿಲ್ಲೂದಲ್ಲ. ಪ್ರತಿ ವರ್ಷ ಮಳಿ ಬರೂಕಿಂತ ಮೊದಲ ಮ್ಯಾಲಿನ ಹುಲ್ಲು ಕಿತ್ತು, ಹೊಸಾ ಮಣ್ಣು ಹೊತ್ತು ಹಾಕಿ, ನೀರು ಚಿಮುಕಿಸಿ ಬಡದು ಗಟ್ಟಿ ಮಾಡಬೇಕು. ಮಣ್ಣಿನ ಬುಟ್ಟಿ ತಲಿ ಮ್ಯಾಲ ಹೊತ್ತು ನಿಚ್ಚಣಿಕಿ ಏರತಿದ್ದವರು ಯಾರು? ನಮ್ಮ ಆಯಿ, ಅತ್ತಿ, ಅಕ್ಕವ್ವ.

ಈ ಸಲ ಆ ಮಣ್ಣು ಇಳಿಸಿದ್ರ ದಪ್ಪ ಒಂದಡಿ ದಾಟಿತ್ತು. ವರ್ಷಾ ಒಂದೊಂದು ಪದರು ಹಾಕೋತ ಬಂದಾರ, ಹಳೇದು ತಗದಿಲ್ಲ. ನಡುವಿನ ತೊಲಿ ಭಾರಕ್ಕ ಬಾಗಿ ಬಿಲ್ಲಿನಂಗ ಆಗಿತ್ತು. ಎರಡು ತೊಲಿ ಗೆದ್ದಲ ತಿಂದಿತ್ತು, ಉಳದವು ಇನ್ನೂ ನೂರು ವರ್ಷಕ್ಕ ಗಟ್ಟಿ ಅಂದ ಬಡಿಗ್ಯಾ. ಗವಂಡಿ ಮಾತ್ರ ಗ್ವಾಡಿಗೆಲ್ಲಾ ಸಿಮೆಂಟ್ ಗಿಲಾವ ಮಾಡೂಣು ಅಂತ ಒಂದ ಹಟ ಹಿಡದ. ನಾವು ಬ್ಯಾಡ ಅಂದ್ವಿ. ಮಣ್ಣಿನ ಗ್ವಾಡಿ ನೆಲದಿಂದ ಥಂಡಿ ಎಳಕೋತೈತಿ, ಬಿಸಲಾದಾಗ ಬಿಟ್ಟು ಒಣಗತೈತಿ. ಮ್ಯಾಲ ಸಿಮೆಂಟ್ ಬಡದ್ರ ಆ ಥಂಡಿ ಹೊರಗ ಹೋಗೂದಿಲ್ಲ, ಒಳಗ ಮಣ್ಣು ಮೆತ್ತಗಾಗಿ ಎರಡು ಮಳಿಗಾಲದಾಗ ಗಿಲಾವ ಹಪ್ಪಳದಂಗ ಎದ್ದು ಬೀಳತೈತಿ. ಬಾಜೂಮನಿ ಕಾಕೂನ ದೇವರ ಖೋಲ್ಯಾಗ ನೀವ ನೋಡೀರಲ್ಲ. ನಾವು ಮಣ್ಣು, ಸುಣ್ಣ ಕಲಿಸಿ ಗಿಲಾವ ಮಾಡಿಸಿ ಮ್ಯಾಲ ಸುಣ್ಣ ಹೊಡಿಸಿದ್ವಿ. ನಿಮ್ಮ ಮನ್ಯಾಗ ಮಣ್ಣಿನ ಗ್ವಾಡಿ ಇದ್ದ್ರ ಇದೊಂದು ಮಾತು ನೆನಪಿಟ್ಟುಕೋರಿ, ಗವಂಡಿ ಏನರ ಅನ್ನಲಿ.

ಪಡಸಾಲಿ ಫರಸಿ ಎಬ್ಬಿಸಿದಾಗ ಕೆಳಗ ಹಗೇವು ಸಿಕ್ತು. ಮನ್ಯಾಗ ಹಗೇವು ಐತಿ ಅಂತ ಅತ್ತಿ ಮೊದಲಿಂದ ಹೇಳ್ತಿದ್ರು, ಎಲ್ಲಿ ಅಂತ ಅವರಿಗೂ ಗೊತ್ತಿರಲಿಲ್ಲ. ದುಂಡನ ಬಾಯಿ, ಮ್ಯಾಲ ಒಂದು ಬೀಸೂಕಲ್ಲಿನಷ್ಟು ದಪ್ಪನ ಕಲ್ಲು, ಒಳಗ ಕೊಡದಂಗ ಅಗಲ ಆಕ್ಕೋತ ಹೋಗೇತಿ. ಹುಡುಗರು ಇಳೀತೀವಿ ಅಂತ ಹೊಂಟ್ರ ಅತ್ತಿ ಒದರಿದ್ರು. ಮುಚ್ಚಿದ ಹಗೇವಿನ್ಯಾಗ ಗಾಳಿ ಕೆಟ್ಟಿರತೈತಿ, ಜೀವಾ ಹೋಗತೈತಿ. ಬಾಯಿ ತಗದು ದಿನಗಟ್ಟಲೆ ಬಿಡಬೇಕು, ದೀಪಾ ಹಚ್ಚಿ ಹಗ್ಗಕ್ಕ ಕಟ್ಟಿ ಬಿಡಬೇಕು, ದೀಪಾ ಆರಿದ್ರ ಇಳಿಯೂಹಂಗಿಲ್ಲ.

ನಮ್ಮ ಕಡಿ ಜ್ವಾಳ ಹಿಂಗ ಇಡತಿದ್ದರು. ತಳಕ್ಕ, ಸುತ್ತಲೂ ಹೊಟ್ಟು ಹುಲ್ಲು ಹಾಕಿ ಜ್ವಾಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದ್ರ ವರ್ಷಗಟ್ಟಲೆ ಹುಳಾ ಆಗೂದಿಲ್ಲ. 1876ರಿಂದ 78ರ ತನಕ ಬಿದ್ದ ಬರ ಧಾರವಾಡ, ಕಲಾದಗಿ, ಬೆಳಗಾಂವಿ ಸೀಮಿನ್ಯಾಗ ಎಷ್ಟೋ ಹಳ್ಳಿ ಖಾಲಿ ಮಾಡಿತು. ಅಂಥಾ ಬರದಾಗ ಹಗೇವು ಇದ್ದ ಮನಿ, ಇಲ್ಲದ ಮನಿ ನಡುವ ಇದ್ದ ಅಂತರ ಬದುಕಿಗೂ ಸಾವಿಗೂ ಇದ್ದಷ್ಟು. ನಮ್ಮ ಹಗೇವು ಆ ಬರ ಕಂಡಿತ್ತೋ ಇಲ್ಲೋ, ಹೇಳೂ ಕಾಗದ ಯಾವುದೂ ಇಲ್ಲ. ನಾವು ಅದನ್ನ ಕಲ್ಲು ಮರಂ ಹಾಕಿ ತುಂಬಿಸಿದ್ವಿ, ಇಲ್ಲಂದ್ರ ಹೊಸಾ ನೆಲ ಕುಸೀತಿತ್ತು. ಬಾಯಿ ಮುಚ್ಚಿದ ಕಲ್ಲು ಹಿತ್ತಲದ ನಳದ ಕೆಳಗ ಐತಿ, ಅದರ ಮ್ಯಾಲ ಕೊಡ ಇಡತೀವಿ.

ಇನ್ನ ಪ್ಲೇಗಿನ ಮಾತು. ಇದು ಕಾಗದದಾಗ ಇಲ್ಲ, ಮುತ್ಯಾನ ಅವ್ವ ಆಯಿಗೆ ಹೇಳಿ, ಆಯಿ ಅತ್ತಿಗೆ ಹೇಳಿ, ಅತ್ತಿ ನನಗ ಹೇಳಿದ್ದು. ಆದ್ರ ಅದರ ಆಜೂಬಾಜೂ ಇದ್ದದ್ದು ಇತಿಹಾಸದಾಗ ಐತಿ. 1896ರಾಗ ಮುಂಬೈದಾಗ ಪ್ಲೇಗು ಕಾಣಿಸ್ತು. ಮರುವರ್ಷ ಸರಕಾರ ಸಾಂಕ್ರಾಮಿಕ ರೋಗದ ಕಾಯ್ದೆ ತಂತು. ರೈಲು ಹುಬ್ಬಳ್ಳಿಗೆ 1880ರ ದಶಕದಾಗ ಬಂದಿತ್ತು. ರೈಲಿನ ಜೋಡಿ ಅರಿವಿ, ಕಾಳು, ಉದ್ಯೋಗ ಬಂದ್ವು, ಅದ ದಾರಿಲೇ ಪ್ಲೇಗೂ ಬಂತು. 1898ರಾಗ ಹುಬ್ಬಳ್ಳಿ ನೆಲಕಚ್ಚಿತು. ಹಾಫ್‌ಕಿನ್ ಅನ್ನೂ ವಿಜ್ಞಾನಿ ತಯಾರ ಮಾಡಿದ ಪ್ಲೇಗಿನ ಚುಚ್ಚುಮದ್ದು ಆ ವರ್ಷ ಹುಬ್ಬಳ್ಳ್ಯಾಗ ಸಾವಿರಾರು ಮಂದಿಗೆ ಹಾಕಿದ್ರು. ಮಂದಿ ಊರು ಬಿಟ್ಟು ಹೊಲದಾಗ ಗುಡಸಲ ಹಾಕ್ಕೊಂಡು ಬಿದ್ರು. ಇಲಿ ಸತ್ತ ಮನೀಗೆ ಔಷಧ ಹೊಡದು, ಸುಣ್ಣ ಬಳದು, ಬಿಸಲು ಗಾಳಿ ಒಳಗ ಬರಲಿ ಅಂತ ಸೂರು ತಗಿಸೂದು ಆಗಿನ ಸರಕಾರದ ಪದ್ಧತಿ.

ಮುತ್ಯಾನ ಅವ್ವ ಆವಾಗ ಹತ್ತ ಹನ್ನೊಂದು ವರ್ಷದ ಸಣ್ಣ ಸೊಸಿ. ಹೊಲದ ಗುಡಸಲದಾಗ ಮೂರು ತಿಂಗಳಿದ್ದು ತಿರಿಗಿ ಬಂದ್ರ ಅಡಗಿಮನಿ ಮಾಳಿಗಿ ಒಡದು ದೊಡ್ಡ ಕಿಂಡಿ ಮಾಡಿದ್ರಂತ. ಗಂಡಸರೆಲ್ಲಾ ಮನಿ ಹಾಳಾತು ಅಂತ ತಲಿ ಮ್ಯಾಲ ಕೈ ಹೊತ್ತು ಕುಂತ್ರ ಆ ಹುಡುಗಿ ಒಳಗ ಹೋಗಿ ನೋಡಿ ಖುಷಿಪಟ್ಟಳಂತ. ಯಾಕಂದ್ರ ಅಡಗಿಮನಿ ಹೆಂಗೈತಿ ಅಂತ ಆಕಿ ಅವತ್ತ ಮೊದಲನೇ ಸಲ ಪೂರಾ ನೋಡಿದ್ದು. ಅದಕ್ಕಿಂತ ಮೊದಲ ಅಂಗೈಯಷ್ಟಗಲದ ಒಂದು ಬೆಳಕಿಂಡಿ, ಒಲಿ ಹೊಗಿ, ಕಪ್ಪು ಗ್ವಾಡಿ. ಈ ಮಾತು ಹೇಳುವಾಗ ಅತ್ತಿ ಪ್ರತಿ ಸಲ ನಗತಾರ. ನನಗ ನಗು ಬರೂದಿಲ್ಲ.

ಕಿಂಡಿಗೆ ನಾಲ್ಕಾರು ವರ್ಷ ತಗಡು, ಜ್ವಾಳದ ದಂಟು ಹೊಚ್ಚಿ ಕಾಲಾ ಹಾಕಿದ್ರು. ಆಮ್ಯಾಲ ಅಡಗಿಮನಿ ಮಾಳಿಗಿ ಪೂರಾ ಕೆಡವಿ ಇಳಿಜಾರ ಸೂರು ಎಬ್ಬಿಸಿ ಮಂಗಳೂರ ಹೆಂಚು ಹೊಚ್ಚಿದ್ರು. ಮಾವನವರ 1865ರ ಹೆಂಚು ಇದ. ಮಂಗಳೂರಿಂದ ಹಡಗಿನ್ಯಾಗ ಬಂದರಕ್ಕ, ಬಂದರದಿಂದ ಮುಂದ ರೈಲು ಇಲ್ಲಾ ಚಕ್ಕಡಿ. ಬಾಸೆಲ್ ಮಿಷನ್ನವರು ನಮ್ಮ ಕಡಿಗೂ ಹೊಸಬರಲ್ಲ, 1837ರಾಗ ಧಾರವಾಡಕ್ಕ ಬಂದು ಸಾಲಿ ನಡಿಸಿದವರು. ಮೊದಲನೇ ಮಹಾಯುದ್ಧದಾಗ ಜರ್ಮನಿ ನಂಟಿನವರು ಅಂತ ಇಂಗ್ಲಿಷರು ಅವರ ಕಾರಖಾನಿಗಳನ್ನ ಕಸಗೊಂಡು, ಯುದ್ಧ ಮುಗದ ಮ್ಯಾಲ ಕಾಮನ್‌ವೆಲ್ತ್ ಟ್ರಸ್ಟ್ ಅನ್ನೂ ಕಂಪನಿಗೆ ಕೊಟ್ಟರು. ಅಂದ್ರ ಮಿಷನ್ ಹೆಸರಿರೂ ನಮ್ಮ ಹೆಂಚು ಯುದ್ಧಕ್ಕಿಂತ ಮೊದಲಿಂದು, ಪ್ಲೇಗಿಂದ ಈಚಿಂದು ಅಂತ ಲೆಕ್ಕ ಕೂಡತೈತಿ. 1865 ಅಲ್ಲದಿದ್ದ್ರೂ ನೂರಾ ಹತ್ತು ವರ್ಷಕ್ಕ ಕಡಿಮಿ ಇಲ್ಲ. ಮಾವನವರು ಇದ್ದಿದ್ರ ಇಷ್ಟಕ್ಕ ಒಪ್ಪತಿದ್ರೋ ಏನೋ.

ಹೆಂಚು ಬಂದ ಮ್ಯಾಲ ಹೊಗಿಗೆ ದಾರಿ ಸಿಕ್ತು, ಸಂದಿಯಿಂದ ಹೋಗತಿತ್ತು. ಆದ್ರ ಕಿಡಕಿ? ಪ್ಲೇಗಿನ ನಂತರ ಮನಿಗೆ ಕಿಡಕಿ ಬೇಕು ಅನ್ನೂದು ಎಲ್ಲಾರ ಬಾಯಾಗ ಬಂತು. ನಮ್ಮ ಮನ್ಯಾಗೂ ಎರಡು ದೊಡ್ಡ ಕಿಡಕಿ ಇಟ್ಟರು, ಎರಡೂ ಪಡಸಾಲಿಗೆ, ಗಂಡಸರು ತಕ್ಕಿಗೆ ಆತು ಕುಂದ್ರೂ ಜಾಗಾಕ್ಕ. ಅಡಗಿಮನಿಗೆ ಕಿಡಕಿ ಆಗಿದ್ದು ಈ ವರ್ಷ. ನಡುವ ಅಸ್ತ್ರ ಒಲಿ ಬಂತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗಿ ಕಡಿಮಿ ಆಗೂಹಂಗ ಮಾಡಿದ ಒಲಿ, ನಮ್ಮ ಮನ್ಯಾಗ ಅದರ ಕೊಳವಿ ಒಡದ ಮ್ಯಾಲ ಯಾರೂ ಹಾಕಿಸಲಿಲ್ಲ. ಆಮ್ಯಾಲ ಗ್ಯಾಸು. ಗ್ಯಾಸ್ ಬಂತು, ಇನ್ನ ಕಿಡಕಿ ಯಾಕ ಅಂದ್ರು. ಈಗ ಮೂಡಲಕ್ಕ ಮೂರಡಿ ಕಿಡಕಿ ಐತಿ, ಅತ್ತಿ ಮುಂಜಾನೆ ಅಲ್ಲೇ ಕುಂತು ಪಲ್ಯ ಹೆಚ್ಚತಾರ.

ಫರಸಿ ಸುದ್ದಿ ಭಾಳಿಲ್ಲ. ಶಹಾಬಾದ ಕಲ್ಲು ರೈಲಿನ್ಯಾಗ ಬರತಿತ್ತು, ಮುತ್ಯಾ 1950ರ ಸುಮಾರಿಗೆ ಹಾಕಿಸಿದ್ರು. ಅದಕ್ಕಿಂತ ಮೊದಲ ಮಣ್ಣಿನ ನೆಲ, ವಾರಕ್ಕೆರಡು ಸಲ ಹೆಂಡೀಲೆ ಸಾರಸೂದು. ಫರಸಿ ಹಾಕಿದ ದಿನಾ ಆಯಿ, "ಇನ್ನ ನನ್ನ ಮೊಣಕಾಲಿಗೆ ಸೂಟಿ" ಅಂದ್ರಂತ. ಈ ಸಲ ಟೈಲ್ಸ್ ಹಾಕೂಣು ಅಂತ ಹುಡುಗರು ಅಂದ್ರು, ಹಳೇ ಫರಸಿ ತಿಕ್ಕಿಸಿ ಪಾಲಿಶ್ ಮಾಡಿಸಿದ್ವಿ. ಒಡದದ್ದು ಹನ್ನೆರಡು, ಅವನ್ನಷ್ಟ ಹೊಸಾವು ತಂದು ಕೂಡಿಸಿದ್ವಿ. ಬಣ್ಣ ಸ್ವಲ್ಪ ಬ್ಯಾರೆ ಕಾಣತೈತಿ, ಕಾಣವಲ್ದ್ಯಾಕ.

ಈಗ ಅಕ್ಕವ್ವನ ಖೋಲಿಗೆ ಬರತೀನಿ. ಇಷ್ಟೆಲ್ಲಾ ಬರದದ್ದು ಇದರ ಸಲುವಾಗಿನ.

ಅಕ್ಕವ್ವ ಅಂದ್ರ ನಮ್ಮ ಮಾವನವರ ಅಕ್ಕ. ಮಾವನವರು ಅಕ್ಕವ್ವ ಅಂತ ಕರೀತಿದ್ರು, ಅದಕ್ಕ ಓಣಿ ಮಂದಿಗೆಲ್ಲಾ ಆಕಿ ಅಕ್ಕವ್ವ. 1962ರಾಗ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ಒಂದು ಟ್ರಂಕು ಹಿಡಕೊಂಡು ತವರಿಗೆ ಬಂದ್ಲು. ಗಂಡನ ಆಸ್ತ್ಯಾಗ ಕಾನೂನಿನ ಪ್ರಕಾರ ಪಾಲಿತ್ತು, ಕೇಳಾಕ ಹೋದವರಿಲ್ಲ. ನಲವತ್ತು ವರ್ಷ ಈ ಮನ್ಯಾಗ ರೊಟ್ಟಿ ಬಡದ್ಲು, ಎಮ್ಮಿ ಹಿಂಡಿದ್ಲು, ಮನ್ಯಾಗ ಹುಟ್ಟಿದ ಎಲ್ಲಾ ಕೂಸಿಗೂ ಎಣ್ಣಿ ಹಚ್ಚಿ ಎರದ್ಲು. ನಿಮ್ಮೊಳಗೂ ಆಕಿ ಕೈಯಾಗ ಎರಸಿಕೊಂಡವರು ಇದ್ದೀರಿ. ಆಕಿ ಮಲಗೂ ಜಾಗಾ ಪಡಸಾಲಿ ಮೂಲಿ. ಬೀಗರು ಬಂದ್ರ ಹಾಸಿಗಿ ಸುತ್ತಿಕೊಂಡು ಅಡಗಿಮನಿಗೆ.

ಮುತ್ಯಾ 1971ರಾಗ ತೀರಿಕೊಂಡ್ರು. 1956ರ ಹಿಂದೂ ವಾರಸಾ ಕಾಯ್ದೆ ಪ್ರಕಾರ ಅಪ್ಪನ ಆಸ್ತ್ಯಾಗ ಮಗಳೂ ವಾರಸುದಾರಳು. ಆದ್ರ ಅದ ಕಾಯ್ದ್ಯಾಗ 23ನೇ ಕಲಂ ಅಂತ ಒಂದಿತ್ತು. ಮನಿಮಂದಿ ಇರೂ ಮನಿ ಒಳಗ, ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳೂತನಕ ಹೆಣ್ಣು ವಾರಸುದಾರಳು ಪಾಲು ಕೇಳೂಹಂಗಿಲ್ಲ. ಲಗ್ನಾ ಆಗದಾಕಿ, ಗಂಡ ಬಿಟ್ಟಾಕಿ, ವಿಧವಿ ಆದ ಮಗಳಾದ್ರ ಆ ಮನ್ಯಾಗ ಇರೂ ಹಕ್ಕು ಅಷ್ಟ. ಅಂದ್ರ ಇರಬಹುದು, ನನ್ನದಿಷ್ಟು ಅಂತ ಗೆರಿ ಎಳಿಯೂಹಂಗಿಲ್ಲ. ಮಾವನವರು ಒಬ್ಬನ ಮಗ. ಅವರು ಯಾರ ಜೋಡಿ ಪಾಲು ಮಾಡಿಕೊಳ್ಳಬೇಕು? ಹಿಂಗಾಗಿ ಅಕ್ಕವ್ವನ ಪಾಳೇ ಬರೂದು ಯಾವಾಗ? ನಾನು ಮಾವನವರನ್ನ ಕೆಟ್ಟವರು ಅನ್ನೂದಿಲ್ಲ, ಅಕ್ಕನ ಮ್ಯಾಲ ಜೀವಾ ಇಟ್ಟಿದ್ರು, ಆಕಿ ಊಟ ಮಾಡದ ತಾವು ಮಾಡತಿರಲಿಲ್ಲ. ಆದ್ರ ಊಟಕ್ಕೂ ಖೋಲಿಗೂ ಭಾಳ ಅಂತರ ಐತಿ.

ಅಕ್ಕವ್ವ ಪಾಲು ಕೇಳಲಿಲ್ಲ. 1979ರಾಗ ತನ್ನ ಪಾಟ್ಲಿ ಬಿಲವಾರ ಬಿಚ್ಚಿ ತಮ್ಮನ ಕೈಯಾಗ ಕೊಟ್ಟು, "ಹಿತ್ತಲದಾಗ ನನಗೊಂದು ಖೋಲಿ ಕಟ್ಟಿಸು, ಬಾಗಲಾ ಇರೂದು" ಅಂದ್ಲಂತ. ಬಾಗಲಾ ಇರೂದು ಅಂದದ್ದನ್ನ ಅತ್ತಿ ಎರಡೆರಡು ಸಲ ಹೇಳತಾರ.

ಮಾವನವರು ಹುರುಪಿನಿಂದ ಶುರು ಮಾಡಿದ್ರು. ಕಲ್ಲಿನ ಬುನಾದಿ, ಇಟ್ಟಂಗಿ ಗ್ವಾಡಿ, ಬಾಗಲಾ ಕಿಡಕಿ ಮ್ಯಾಲಿನ ಮಟ್ಟಾ ತನಕ ಎದ್ದಿತು. ಮ್ಯಾಲ ಹೆಂಚು ಹೊಚ್ಚಿದ್ದ್ರ ಒಂದು ವಾರದ ಕೆಲಸ. ಆದ್ರ ಆವಾಗ ಊರಾಗ ಹೊಸಾದಾಗಿ ಸ್ಲ್ಯಾಬಿನ ಹುಚ್ಚು. ಅಕ್ಕನ ಖೋಲಿ, ಸ್ಲ್ಯಾಬ್ ಹಾಕಿ ಮಾಡತೀನಿ ಅಂದ್ರು. ಸ್ಲ್ಯಾಬಿಗೆ ಸಿಮೆಂಟ್ ಬೇಕು. ಆಗಿನ ಸಿಮೆಂಟ್ ಈಗಿನಂಗ ಅಂಗಡಿಗೆ ಹೋಗಿ ತರೂ ವಸ್ತು ಅಲ್ಲ, ಸಕ್ಕರಿ ಸೀಮಿಎಣ್ಣಿ ಇದ್ದಂಗ ಸರಕಾರದ ನಿಯಂತ್ರಣದಾಗ ಇತ್ತು. ದರಾ ಸರಕಾರದ್ದು, ಹಂಚಿಕಿ ಸರಕಾರದ್ದು. ಮನಿ ಕಟ್ಟೂದೈತಿ ಅಂತ ಅರ್ಜಿ ಕೊಟ್ಟು ಪರ್ಮಿಟ್ಟು ತಗೋಬೇಕು. ಮಾವನವರು ಕಚೇರಿಗೆ ಅಲೆದು ಅಲೆದು ಚಪ್ಪಲ ಸವದ್ವು. ಮೊದಲ ಸಲ ಹತ್ತು ಚೀಲಾ ಸಿಕ್ಕಿತು, ಆಮ್ಯಾಲ ನಾಳೆ ಬರ್ರಿ, ನಾಡಿದ್ದ ಬರ್ರಿ. ಆ ಹತ್ತು ಚೀಲದಾಗ ನಾಲ್ಕು ಮಳಿಗೆ ಸಿಕ್ಕು ಕಲ್ಲಾದ್ವು. ಆ ಕಲ್ಲಾದ ಚೀಲಾ ಮೊನ್ನಿ ತನಕ ಹಿತ್ತಲದಾಗ ಅರಿವಿ ಒಗಿಯೂ ಕಲ್ಲಾಗಿದ್ವು, ನೋಡೀರಲ್ಲ.

ಇದು ನಮ್ಮೊಬ್ಬರ ಮನಿ ಕತಿ ಅಲ್ಲ. ಬಾಜೂ ಮಹಾರಾಷ್ಟ್ರದಾಗ ಸಿಮೆಂಟ್ ಹಂಚಿಕಿ ಗದ್ದಲದಾಗ 1982ರ ಜನವರಿಯೊಳಗ ಮುಖ್ಯಮಂತ್ರಿನ ಕುರ್ಚಿ ಬಿಡಬೇಕಾತು. ಅದ ವರ್ಷ ಫೆಬ್ರುವರಿಯೊಳಗ ಸರಕಾರ ಅರ್ಧಾ ನಿಯಂತ್ರಣ ತಗೀತು. ಕಾರಖಾನಿಯವರು ಒಂದು ಪಾಲು ಸರಕಾರಕ್ಕ ಕೊಟ್ಟು ಉಳದದ್ದನ್ನ ಪ್ಯಾಟ್ಯಾಗ ತಮ್ಮ ದರಕ್ಕ ಮಾರಬಹುದು ಅಂತಾತು. 1989ರ ಮಾರ್ಚಿನ್ಯಾಗ ಪೂರಾ ಬಿಟ್ಟರು. ಈಗ ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಚೀಲಾ ತರಬಹುದು.

ಆದ್ರ ಪಾಟ್ಲಿ ರೊಕ್ಕಾ ಅಷ್ಟೊತ್ತಿಗೆ ಕರಗಿತ್ತು. 1982ರಾಗ ಪ್ಯಾಟಿ ಸಿಮೆಂಟಿನ ದರಾ ಕೇಳಿ ಮಾವನವರು ಸುಮ್ಮನಾದ್ರು. ಆಮ್ಯಾಲ ಮಕ್ಕಳ ಸಾಲಿ, ದೊಡ್ಡ ನಾದಿನಿ ಲಗ್ನ, ಸಣ್ಣ ನಾದಿನಿ ಲಗ್ನ, ಬಾವಿ, ಬೋರು. ಪ್ರತಿ ವರ್ಷ "ಮುಂದಿನ ಸುಗ್ಗಿಗೆ ಅಕ್ಕವ್ವನ ಖೋಲಿ" ಅನ್ನೂ ಮಾತು. ಗ್ವಾಡಿ ಮ್ಯಾಲ ಚಾಚಿದ ಕಬ್ಬಿಣದ ಸಳಿ ತುಕ್ಕು ಹಿಡದ್ವು. ಅಕ್ಕವ್ವ ಅದರಾಗ ಕುಳ್ಳು ಒಟ್ಟತಿದ್ಲು. ಆಕಿ 2003ರಾಗ ತೀರಿಕೊಂಡ್ಲು, ಪಡಸಾಲಿ ಮೂಲ್ಯಾಗ. 23ನೇ ಕಲಂ ಕಾಯ್ದಿಯಿಂದ ತಗದು ಹಾಕಿದ್ದು 2005ರ ಸೆಪ್ಟೆಂಬರ್ 9ರಿಂದ. ಎರಡು ವರ್ಷದ ಅಂತರ. ಮಕ್ಕಳಿಲ್ಲದ ಹೆಣಮಗಳಿಗೆ ಅಪ್ಪನಿಂದ ಬಂದ ಆಸ್ತಿ ಆಕಿ ಹಿಂದ ತಿರಿಗಿ ಅಪ್ಪನ ವಾರಸುದಾರರಿಗೇ ಹೋಗತೈತಿ ಅಂತ ಕಾಯ್ದ್ಯಾಗ ಐತಿ. ಅಂದ್ರ ಆಕಿ ಪಾಲು ಇದ್ದಲ್ಲೇ ಇತ್ತು, ಹ್ವಾದಲ್ಲೇ ಹೋತು, ಕಾಗದದಾಗ ಒಂದು ದಿನಾನೂ ಆಕಿ ಹೆಸರು ಬರಲಿಲ್ಲ.

ಈ ಸಲ ರಿಪೇರಿಗೆ ಸಾಲಾ ತಗೀಬೇಕಾತು. ಸಾಲಾ ಕೊಡೂವರು ಮನಿ ಉತಾರ ಕೇಳಿದ್ರು. ಪಂಚಾಯ್ತಿಯೊಳಗ ಇ-ಸ್ವತ್ತು ಮಾಡಿಸಾಕ ಹೋದ್ವಿ. ಅಲ್ಲಿ ಕುಂತವರೆಲ್ಲಾ ಒಂದ ದಾರಿ ಹೇಳಿದ್ರು: ಅಕ್ಕ ತಂಗಿ ಕಡಿಯಿಂದ ಹಕ್ಕು ಬಿಟ್ಟ ಪತ್ರಾ ಬರಸಿಕೊಳ್ರಿ, ನಿಮ್ಮ ಯಜಮಾನ್ರ ಒಬ್ಬರ ಹೆಸರಿಗೆ ಆದ್ರ ಕೆಲಸ ಸಲೀಸು. ನಮ್ಮವರು ತಮ್ಮ ಅಕ್ಕಗ ಫೋನ್ ಹಚ್ಚಿದ್ರು. ದೊಡ್ಡ ನಾದಿನಿ ಕನ್ನಡ ಸಾಲಿ ಮಾಸ್ತರಳು, ಕೇಳಿ ಒಂದು ಗಳಿಗಿ ಸುಮ್ಮನಿದ್ದು, "ತಮ್ಮಾ, ನಾ ಸಹಿ ಮಾಡೂದಿಲ್ಲ" ಅಂದ್ಲು.

ಮನ್ಯಾಗ ಎಂಟು ದಿನಾ ಮೋಡ ಕವದಂಗ ಇತ್ತು. ನಮ್ಮವರು ಉಣ್ಣತಿರಲಿಲ್ಲ. ಅಕ್ಕ ಮನಿ ಒಡೀತಾಳ ಅಂತ ಓಣ್ಯಾಗ ಮಾತಾತು, ಮಾತಾಡಿದವರು ನಿಮ್ಮೊಳಗೂ ಇದ್ದೀರಿ, ನಾ ಹೆಸರು ಹೇಳೂದಿಲ್ಲ. ಎಂಟನೇ ದಿನಾ ನಾದಿನಿನ ಬಂದ್ಲು. ಪಡಸಾಲಿಯೊಳಗ ಕುಂತು ಅಕ್ಕವ್ವನ ಮೂಲಿ ಕಡಿ ಕೈ ಮಾಡಿ, "ನನಗ ರೊಕ್ಕಾ ಬ್ಯಾಡ, ಗ್ವಾಡಿ ಬ್ಯಾಡ. ಆದ್ರ ಬಿಟ್ಟುಕೊಟ್ಟೀನಿ ಅಂತ ಬರಕೊಡೂದಿಲ್ಲ. ಆಕಿ ಏನೂ ಬರಕೊಡದನ ಆಕೀದು ಹೋತು. ನನ್ನ ಹೆಸರು ಇರಲಿ, ಸಾಲದ ಕಾಗದದ ಮ್ಯಾಲ ನಾನೂ ಸಹಿ ಮಾಡತೀನಿ" ಅಂದ್ಲು. ಸಣ್ಣ ನಾದ್ನಿ ಫೋನಿನ್ಯಾಗ, "ಅಕ್ಕ ಅಂದಂಗ" ಅಂದ್ಲು.

ಆವಾಗ ಗೊತ್ತಾದ ಇನ್ನೊಂದು ಮಾತು, ಅತ್ತೀದೂ ಒಂದು ಪಾಲು ಐತಿ. ಅತ್ತಿಗೇ ಅದು ಗೊತ್ತಿರಲಿಲ್ಲ. ಐವತ್ತು ವರ್ಷ ಈ ಮನ್ಯಾಗ ಇದ್ದು, ಮಾಳಿಗಿಗೆ ಮಣ್ಣು ಹೊತ್ತು, "ನಂದೂ ಐತೇನು?" ಅಂತ ಕೇಳಿದ್ರು. ನಕ್ಕೋತ ಕೇಳಿದ್ರು, ಆದ್ರ ಮೂರು ಸಲ ಕೇಳಿದ್ರು. ನಿಮಗೂ ಇಂಥಾ ಪ್ರಸಂಗ ಬಂದ್ರ ಒಂದಿಷ್ಟು ತಿಳಕೊಂಡಿರ್ರಿ. 2005ರ ತಿದ್ದುಪಡಿಯಿಂದ ಹಿರಿಯರ ಆಸ್ತ್ಯಾಗ ಮಗಳಿಗೂ ಮಗನಂಗ ಹುಟ್ಟಿಂದನ ಹಕ್ಕು. ಅಪ್ಪ 2005ರಾಗ ಬದುಕಿರಬೇಕಿತ್ತು ಅನ್ನೂ ವಾದಾನೂ ಸುಪ್ರೀಂ ಕೋರ್ಟು 2020ರ ಆಗಸ್ಟಿನ್ಯಾಗ ತಗದು ಹಾಕೇತಿ. ಸಹಿ ಮಾಡೂದು ಬಿಡೂದು ನಿಮ್ಮ ನಿಮ್ಮ ಮನಸ್ಸು, ತಿಳಕೊಂಡು ಮಾಡ್ರಿ ಅಷ್ಟ.

ಉತಾರದಾಗ ಈಗ ನಾಲ್ಕು ಹೆಸರು ಅದಾವ. ಅತ್ತೀದು ಮೊದಲ. ಕಾಗದ ಆಗಾಕ ಎರಡು ತಿಂಗಳು ಹೆಚ್ಚಿಗಿ ಹಿಡೀತು, ಸಾಲಾ ಕೊಡೂವರಿಗೆ ನಾಲ್ಕೂ ಮಂದಿ ಹೋಗಿ ಸಹಿ ಮಾಡಬೇಕಾತು. ಮನಿ ಏನೂ ಒಡೀಲಿಲ್ಲ.

ಖೋಲಿ ಕೆಲಸ ಬ್ಯಾಸಗ್ಯಾಗ ಹಿಡಿಸಿದ್ವಿ. ಹಳೇ ಇಟ್ಟಂಗಿ ಗ್ವಾಡಿ ಮ್ಯಾಲಿನ ಎರಡು ಸಾಲು ಸಡಿಲಾಗಿದ್ವು, ಅಷ್ಟು ತಗದು ಹೊಸಾದು ಕಟ್ಟಿಸಿದ್ವಿ. ಬುನಾದಿ ಗಟ್ಟಿ ಇತ್ತು. ತುಕ್ಕು ಹಿಡದ ಸಳಿ ಕತ್ತರಿಸಿ ಗುಜರಿಗೆ ಹಾಕಿ ಹೊಸಾ ಸಳಿ ಕಟ್ಟಿದ್ರು. ಸ್ಲ್ಯಾಬ್ ಹಾಕೂ ದಿನಾ ಮುಂಜಾನೆ ಏಳಕ್ಕ ಶುರುವಾಗಿ ಮಧ್ಯಾಹ್ನ ಎರಡಕ್ಕ ಮುಗೀತು. ನಲವತ್ತೈದು ವರ್ಷ ಆಗದ ಕೆಲಸ ಏಳು ತಾಸಿನ್ಯಾಗ. ಸಿಮೆಂಟ್ ಚೀಲಾ ಟ್ರ್ಯಾಕ್ಟರಿನಿಂದ ಇಳಿಸೂದನ್ನ ಅತ್ತಿ ಕಟ್ಟಿ ಮ್ಯಾಲ ಕುಂತು ಎಣಿಸಿದ್ರು. ಗವಂಡಿ ಹೆಂಡತಿ, ಜೋಡಿ ಬಂದ ಹೆಣ್ಣಾಳು ನಾಲ್ಕು ಮಂದಿ ಕಾಂಕ್ರೀಟಿನ ಬುಟ್ಟಿ ಹೊತ್ತು ನಿಚ್ಚಣಿಕಿ ಏರತಿದ್ರು, ಅವರಿಗೆ ಕೂಲಿ ಗಂಡಾಳಿಗಿಂತ ಕಡಿಮಿ ಅಂತ ಸಂಜೀಕ ಗೊತ್ತಾತು. ಅವತ್ತಿನ ಕೂಲಿ ನಾವು ಸರಿಸಮ ಕೊಟ್ಟೀವಿ, ಗವಂಡಿ ಮುಖಾ ಸಣ್ಣದ ಮಾಡಿದ.

ಖೋಲಿ ಹತ್ತಡಿಗೆ ಹನ್ನೆರಡಡಿ. ಎರಡು ಕಿಡಕಿ, ಒಂದು ಬಾಗಲಾ, ಬಾಜೂಕ ಬಚ್ಚಲಾ. ಬಾಗಲಾಕ್ಕ ಪಡಸಾಲಿಯಿಂದ ತಗದ ಹಳೇ ತೊಲಿ ಕುಯ್ಸಿ ಹಲಗಿ ಮಾಡಿಸಿದ್ವಿ, ಒಳಗಿಂದ ಹಾಕೂ ಚಿಲಕಾ ಹಚ್ಚಿಸಿದ್ವಿ. ಸ್ಲ್ಯಾಬ್ ಹಾಕೂ ಹಿಂದಿನ ದಿನಾ ದೊಡ್ಡ ನಾದಿನಿ ಫೋನ್ ಮಾಡಿ, "ಪಂಚಮಿಗೆ ಬರತೀನಿ, ಜೋಕಾಲಿ ಕಟ್ಟಾಕ ಸ್ಲ್ಯಾಬಿನ್ಯಾಗ ಕೊಕ್ಕಿ ಬಿಡಸ್ರಿ, ಹಳೇ ತೊಲಿ ಅಂತೂ ತಗದೀರಿ" ಅಂದ್ಲು. ಎರಡು ಕೊಕ್ಕಿ ಬಿಡಿಸೀವಿ. ಇನ್ನ ಬಣ್ಣ ಒಂದು ಉಳದೈತಿ. ಅತ್ತಿ ಹಸರು ಅಂತಾರ, ಹುಡುಗರು ಬಿಳಿ ಅಂತಾರ.